ಮೇಚಿನ್ ಶಿರೋಭೇದ ಮೀಮಾಂಸೆ

ಶಾಸ್ತ್ರಗ್ರಂಥ ಎಂದಮೇಲೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕೆಂದು ಹಿರಿಯರ ಕಟ್ಟಳೆ. ವಿಷಯ: ಬ್ರಿಟನ್ನಿನ ದಿನಬಳಕೆಯ ಅಂಚೆಚೀಟಿಗಳ ಮೇಲಿನ ಎರಡನೆಯ ಎಲಿಜಬೆತ್ ರಾಣಿಯ ತಲೆ, ಅದರಲ್ಲೂ ಲಿಥೊ ಮುದ್ರಣದ ತಲೆ. ಅಧಿಕಾರಿ: ಭೂತಗನ್ನಡಿ, ಚಿಮುಟ, ಅತಿನೇರಳೆ ದೀಪ ಹಾಗೂ ಊಟಕ್ಕೆ ಕರೆದರೆ ಕೇಳಿಸದ ಕಿವಿ ಉಳ್ಳವನು. ಸಂಬಂಧ: ರಾಣಿಗೂ ಅವನಿಗೂ ಏನೂ ಇಲ್ಲ. ಪ್ರಯೋಜನದ ವಿಷಯಕ್ಕೆ ಬಂದಾಗ ಮಾತ್ರ ಪೂರ್ವಪಕ್ಷಿಗಳು ಗಲಾಟೆ ಎಬ್ಬಿಸುತ್ತಾರೆ. ಇದು ಕಾಗೆಯ ಹಲ್ಲು ಎಣಿಸುವ ಕಾಕದಂತ ಪರೀಕ್ಷೆಯಲ್ಲವೇ ಎಂದು ಅವರ ಆಕ್ಷೇಪ. ಅಲ್ಲ. ಕಾಗೆಗೆ ಹಲ್ಲಿಲ್ಲ, ಅಂಚೆಚೀಟಿಗೆ ಇದೆ. ಎರಡು ಸೆಂಟಿಮೀಟರಿಗೆ ಎಷ್ಟು ಹಲ್ಲು ಎಂದು ಎಣಿಸುವುದಕ್ಕೇ ಬೇರೆ ಅಳತೆಪಟ್ಟಿ ಉಂಟು. ಅಡ್ಡಕ್ಕೆ 15, ಉದ್ದಕ್ಕೆ 14 ಎಂಬುದು ಇಲ್ಲಿ ಪ್ರಸಿದ್ಧವಾದ ದಂತಸಂಖ್ಯೆ. ಆಕ್ಷೇಪ ನಿರಾಕೃತವಾಯಿತು.

ಇನ್ನು ಮೂಲವಿಗ್ರಹದ ವಿಚಾರ. ಆರ್ನಾಲ್ಡ್ ಮೇಚಿನ್ 1911ರಲ್ಲಿ ಪಿಂಗಾಣಿ ಕಾರ್ಖಾನೆಗಳ ಊರಾದ ಸ್ಟೋಕ್-ಆನ್-ಟ್ರೆಂಟ್‌ನಲ್ಲಿ ಹುಟ್ಟಿ, ಮಿಂಟನ್ ಕಂಪನಿಯ ಪಾತ್ರೆಗಳಿಗೆ ಚಿತ್ತಾರ ಬರೆಯುತ್ತ ಕೈ ಪಳಗಿಸಿಕೊಂಡ ಶಿಲ್ಪಿ. ರಾಣಿಯ ತಲೆಯನ್ನು ಆತ ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪವಾಗಿ ಮಾಡಿಕೊಟ್ಟ. ಅದರ ಫೋಟೊ ತೆಗೆದು ಚೀಟಿ ಅಚ್ಚುಹಾಕಿದರು. ತಲೆಯ ಮೇಲಿರುವುದು ನಾಲ್ಕನೆಯ ಜಾರ್ಜ್ 1820ರಲ್ಲಿ ಮಾಡಿಸಿಕೊಂಡ ವಜ್ರ-ಮುತ್ತಿನ ಮುಕುಟ. ಮೊದಲ ಚೀಟಿಗಳು ಹೊರಬಂದದ್ದು 1967ರ ಜೂನ್ 5ರಂದು. ದೇಶದ ಹೆಸರನ್ನು ಅವುಗಳ ಮೇಲೆ ಹಾಕಲಿಲ್ಲ. 1840ರಲ್ಲಿ ಅಂಚೆಚೀಟಿ ಎಂಬುದನ್ನು ಜಗತ್ತಿಗೆ ತೋರಿಸಿದವರು ತಾವೇ ಆದ್ದರಿಂದ, ತಲೆ ನೋಡಿ ಊರು ತಿಳಿದುಕೊಳ್ಳಿ ಎಂಬ ಗತ್ತು. ಆಮೇಲೆ ಐವತ್ತೈದು ವರ್ಷ ರಾಣಿಗೆ ವಯಸ್ಸಾಗುತ್ತ ಹೋಯಿತು, ಚೀಟಿಯ ರಾಣಿಗೆ ಆಗಲಿಲ್ಲ. ಇಪ್ಪತ್ತು ಸಾವಿರ ಕೋಟಿಗೂ ಹೆಚ್ಚು ಸಲ ಅದೇ ತಲೆ, ಅದೇ ನೋಟ, ಎಡಕ್ಕೇ ತಿರುಗಿದ ಅದೇ ಮುಖ.

ಹೀಗೆ ಎಲ್ಲವೂ ಒಂದೇ ಆಗಿಬಿಟ್ಟರೆ ವಿದ್ವಾಂಸನಾದವನು ಏನು ಮಾಡಬೇಕು? ಅಂಚೆ ಇಲಾಖೆ ಸ್ವಭಾವತಃ ಅದ್ವೈತಿ. ಮೊದಲನೆಯ ಬಗೆಯ ತಲೆ ಅಂಟಿಸಿದರೂ ಎರಡನೆಯ ಬಗೆಯದು ಅಂಟಿಸಿದರೂ ಕಾಗದ ಲಂಡನ್ನಿನಿಂದ ಲೀಡ್ಸಿಗೆ ಅಷ್ಟೇ ನಿಧಾನವಾಗಿ ಹೋಗುತ್ತಿತ್ತು. ಕೆಟಲಾಗು ಬರೆಯುವವರು ಮಾತ್ರ ಉಡುಪಿಯ ಕಡೆಯವರು. ಮಧ್ವಾಚಾರ್ಯರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಇರುವ ಭೇದವೂ ಒಂದಷ್ಟೆ; ಅದಕ್ಕೆ ಇಷ್ಟು ಶ್ರದ್ಧೆಯ ಅನುಯಾಯಿಗಳು ಇಂಗ್ಲೆಂಡಿನಲ್ಲಿ ಹುಟ್ಟುತ್ತಾರೆಂದು ಯಾರೂ ಎಣಿಸಿರಲಾರರು. ತಾರತಮ್ಯವನ್ನೂ ಅವರು ಬಿಟ್ಟಿಲ್ಲ. ಅದನ್ನು ಬೆಲೆಪಟ್ಟಿ ಎನ್ನುತ್ತಾರೆ.

ಭೇದವನ್ನು ಕಾಣುವ ಬಗೆ ಹೇಗೆ? ಅರುಂಧತಿಯನ್ನು ತೋರಿಸುವ ಮೊದಲು ಪಕ್ಕದ ದಪ್ಪ ನಕ್ಷತ್ರ ತೋರಿಸುವಂತೆ, ಮೊದಲು ಚೀಟಿ ಲಿಥೊ ಹೌದೋ ಅಲ್ಲವೋ ನೋಡಬೇಕು. ಹ್ಯಾರಿಸನ್ ಕಂಪನಿಯವರು ಮೊದಲಿನಿಂದ ಹಾಕುತ್ತಿದ್ದುದು ಫೋಟೊಗ್ರಾವ್ಯೂರ್. ಅದರಲ್ಲಿ ಸಿಲಿಂಡರಿನ ಮೇಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಮಸಿ ನಿಂತು ಕಾಗದಕ್ಕೆ ಇಳಿಯುತ್ತದೆ. ಆದ್ದರಿಂದ ಬೆಲೆಯ ಅಂಕಿಯನ್ನು ದೊಡ್ಡದು ಮಾಡಿ ನೋಡಿದರೆ ಅದರ ಅಂಚು ಗರಗಸದಂತೆ ಕಾಣುತ್ತದೆ. ಲಿಥೊ ಎಣ್ಣೆಗೂ ನೀರಿಗೂ ಇರುವ ಹಗೆತನದಿಂದ ನಡೆಯುವ ಅಚ್ಚು. 1790ರ ದಶಕದಲ್ಲಿ ಬವೇರಿಯಾದ ಸೆನೆಫೆಲ್ಡರ್ ಇದನ್ನು ಕಲ್ಲಿನ ಮೇಲೆ ಸಾಧಿಸಿದ. ಇದರಲ್ಲಿ ಅಂಕಿಯ ಅಂಚು ನಯ. ಚುಕ್ಕೆಗಳೆಲ್ಲ ರಾಣಿಯ ಕೆನ್ನೆ, ಕೊರಳು, ಕೂದಲಿನ ನೆರಳಿಗೆ ಮೀಸಲು. 1980ರಿಂದ ವಾಡಿಂಗ್ಟನ್ ಮತ್ತು ಕ್ವೆಸ್ಟಾ ಎಂಬ ಕಂಪನಿಗಳು ಈ ಬಗೆಯಲ್ಲಿ ಮೇಚಿನ್ ತಲೆಗಳನ್ನು ಅಚ್ಚುಹಾಕತೊಡಗಿದವು. ಬ್ರಿಟನ್ನಿನಲ್ಲಿ ಮೊನೊಪೊಲಿ ಆಟವನ್ನು ಮಾರುತ್ತಿದ್ದುದೂ ಈ ವಾಡಿಂಗ್ಟನ್ನರೇ. ಕಾಗದದ ಚೂರಿಗೆ ಬೆಲೆ ಬರುವಂತೆ ಮಾಡುವ ವಿದ್ಯೆ ಅವರಿಗೆ ಅಲ್ಲಿಂದ ಸಿದ್ಧಿಸಿತೆಂಬ ಮತವೊಂದು ಈ ಲೇಖಕನಿಗೆ ಈಗತಾನೇ ಹೊಳೆದಿದೆ.

ಅರುಂಧತಿ ಕಂಡ ಮೇಲೆ ಕೆಲಸ ಶುರು. ಕೊರಳ ಕೆಳಗಿನ ಅಂಚು ಚಪ್ಪಟೆಯೋ ಬಾಗಿದೆಯೋ? ಅದರ ನೆರಳು ತೆಳುವೋ ದಟ್ಟವೋ? ಮುಕುಟದ ಮುತ್ತುಗಳು ಬಿಡಿಬಿಡಿಯೋ ಕಲೆಸಿವೆಯೋ? ಒಂದೇ ಪ್ಲಾಸ್ಟರಿನ ತಲೆಯಿಂದ ಇಷ್ಟು ತಲೆಗಳು ಹೇಗೆ ಹುಟ್ಟಿದವೆಂದರೆ, ಫೋಟೊ, ಜಾಲರಿ, ತಗಡು ಎಂದು ಮುದ್ರಣದ ಒಂದೊಂದು ಹಂತದಲ್ಲೂ ಯಾರೋ ಒಬ್ಬರ ಕೈ ಅದರ ಮೇಲೆ ಆಡಿದೆ. ಶಾಸ್ತ್ರಕ್ಕೆ ಇರುವ ದೊಡ್ಡ ವಿಘ್ನವೆಂದರೆ ಅಂಚೆಯವರ ಮೊಹರು. ಅದು ಬೀಳುವುದು ಸರಿಯಾಗಿ ಸಂಶೋಧನೆಯ ಜಾಗದ ಮೇಲೆಯೇ.

ತಲೆ ಬೇಸರವಾದವರಿಗೆ ಪರಿವಾರದೇವತೆಗಳಿವೆ. ವೇಲ್ಸಿನ ಚೀಟಿಗಳ ಮೂಲೆಯಲ್ಲೊಂದು ಡ್ರ್ಯಾಗನ್. ಮೊದಲನೆಯ ಬಗೆಯದಕ್ಕೆ ಕಣ್ಣು ಪೂರ್ತಿಯಾಗಿದ್ದು ನಡುವೆ ಬಿಳಿ ಚುಕ್ಕೆ ಇದೆ. ರೆಕ್ಕೆಯ ತುದಿ, ಬಾಲ, ನಾಲಿಗೆ ತೆಳು. ಎರಡನೆಯದರಲ್ಲಿ ಕಣ್ಣು ಒಂದು ಗೆರೆಯಿಂದ ಮೂಗಿಗೆ ಅಂಟಿಕೊಂಡಿದೆ. ಬಾಲ, ಉಗುರು, ನಾಲಿಗೆ ದಪ್ಪವಾಗಿವೆ. ನಡುವಿನ ವರ್ಷಗಳಲ್ಲಿ ಅದಕ್ಕೆ ಊಟ ಚೆನ್ನಾಗಿ ಸಿಕ್ಕಿತೆಂಬುದು ಅನುಮಾನ ಪ್ರಮಾಣ. ಉತ್ತರ ಐರ್ಲೆಂಡಿನ ಪುಟ್ಟ ಕಿರೀಟದಲ್ಲಿ ಮೊದಲ ಬಗೆಯ ಮುತ್ತುಗಳು ಒಂಟೊಂಟಿ. ಎರಡನೆಯದರಲ್ಲಿ ಮುತ್ತು ದೊಡ್ಡವಾಗಿ, ಎಡಗಡೆಯ ಮೂರು ಒಂದಕ್ಕೊಂದು ಕೂಡಿಕೊಂಡಿವೆ.

ಲಿಥೊ ತಲೆಗಳ ಭೇದದಲ್ಲಿ ನಾವೂ ಹಿಂದೆ ಬಿದ್ದವರಲ್ಲ. 1854ರಲ್ಲಿ ಕಲ್ಕತ್ತದಲ್ಲಿ ಕ್ಯಾಪ್ಟನ್ ಥುಯಿಲಿಯರ್‌ನ ಉಸ್ತುವಾರಿಯಲ್ಲಿ ಕಲ್ಲಚ್ಚಿನಿಂದ ವಿಕ್ಟೋರಿಯಾಳ ತಲೆಯ ಚೀಟಿಗಳನ್ನು ತೆಗೆದರು. ಅವುಗಳಿಗೂ ಒಂದು, ಎರಡು, ಮೂರು ಎಂದು ಅಚ್ಚುಭೇದಗಳಿವೆ. ನಾಲ್ಕಾಣೆಯ ಕೆಲವು ಪ್ರತಿಗಳಲ್ಲಿ ತಲೆಯೇ ತಲೆಕೆಳಗು. ಬರಿಗಣ್ಣಿಗೆ ಕಾಣುವುದರಿಂದ ಈ ಭೇದದಲ್ಲಿ ಪಾಂಡಿತ್ಯಕ್ಕೆ ಎಡೆ ಕಡಿಮೆ, ಬೆಲೆಗೆ ಎಡೆ ಹೆಚ್ಚು.

ಪ್ರಮಾಣಗಳ ಮಾತು. ಪ್ರತ್ಯಕ್ಷಕ್ಕೆ ಭೂತಗನ್ನಡಿಯೂ ದೀಪವೂ ಇವೆ. ದೀಪದಡಿ ಹೊಳೆಯುವ ಫಾಸ್ಫರ್ ಪಟ್ಟೆ ಎರಡಿದ್ದರೆ ಒಂದನೆಯ ದರ್ಜೆ, ಒಂದಿದ್ದರೆ ಎರಡನೆಯ ದರ್ಜೆ; ಕಾಗದ ವಿಂಗಡಿಸುವ ಯಂತ್ರಕ್ಕೆಂದು ಹಾಕಿದ್ದು ವಿದ್ವಾಂಸರ ಪಾಲಿಗೆ ಪ್ರಸಾದವಾಯಿತು. ಶಬ್ದಪ್ರಮಾಣಕ್ಕೆ 1856ರಿಂದ ನಡೆದುಬಂದ ಸ್ಟ್ಯಾನ್ಲಿ ಗಿಬ್ಬನ್ಸ್ ಸಂಪ್ರದಾಯವಿದೆ. ಇನ್ನೂ ಆಳಕ್ಕೆ ಇಳಿಯುವವರಿಗೆ ಡಗ್ಲಸ್ ಮಯಲ್ ರಚಿಸಿದ ಡೀಗಮ್ ಕೈಪಿಡಿಯಿದೆ. ಕಣ್ಣಿಗೆ ಕಂಡದ್ದಕ್ಕೂ ಕೆಟಲಾಗಿನಲ್ಲಿ ಬರೆದದ್ದಕ್ಕೂ ವಿರೋಧ ಬಂದರೆ ಕೆಟಲಾಗೇ ಬಲ. ಏಕೆಂದರೆ ವ್ಯಾಪಾರಿಯ ಕೈಯಲ್ಲಿರುವುದೂ ಅದೇ.

ಈ ಶಾಸ್ತ್ರದ ಪರ್ವದಿನ 1971ರ ಫೆಬ್ರವರಿ 15. ಅಂದು ಬ್ರಿಟನ್ ದಶಮಾಂಶ ನಾಣ್ಯಕ್ಕೆ ಬದಲಾಯಿತು; ಹೊಸ ಬೆಲೆಯ ಮೇಚಿನ್ ಚೀಟಿಗಳೂ ಬಂದವು. ಅಂಚೆ ನೌಕರರು ಮಾತ್ರ ಜನವರಿಯಿಂದ ಮಾರ್ಚಿನ ತನಕ ಮುಷ್ಕರದಲ್ಲಿದ್ದರು. ಚೀಟಿಯುಂಟು, ಅಂಚೆಯಿಲ್ಲ. ಕಾಗದ ಒಯ್ಯುವ ಕ್ಷುದ್ರ ಕರ್ಮದಿಂದ ಚೀಟಿ ಪೂರ್ಣವಾಗಿ ಬಿಡುಗಡೆ ಹೊಂದಿದ್ದ ಕಾಲ ಅದು.

ಆಮೇಲೆ ಬಂದದ್ದು ಕಲಿಗಾಲ. 2022ರಲ್ಲಿ ರಾಯಲ್ ಮೇಲ್ ರಾಣಿಯ ತಲೆಯ ಪಕ್ಕದಲ್ಲಿ ಬಾರ್‌ಕೋಡ್ ಅಂಟಿಸಿತು. 2023ರ ಜುಲೈ 31ರ ನಂತರ, ಬಾರ್‌ಕೋಡ್ ಇಲ್ಲದ ಮೇಚಿನ್ ಚೀಟಿ ಕಾಗದ ಹೊರಲು ನಾಲಾಯಕ್ಕು ಎಂದಾಯಿತು. ಹಳೆಯದನ್ನು ಕೊಟ್ಟು ಹೊಸದನ್ನು ಪಡೆಯಿರಿ ಎಂದೂ ಹೇಳಿದರು. ಎರಡನೆಯ ಬಗೆಯ ಡ್ರ್ಯಾಗನ್ನನ್ನು ಕೊಟ್ಟು ಬಾರ್‌ಕೋಡ್ ತಂದುಕೊಳ್ಳುವವನು ಅಧಿಕಾರಿಯಲ್ಲವೆಂದು ಬೇರೆ ಹೇಳಬೇಕಿಲ್ಲ. ಅದೇ ವರ್ಷದ ಏಪ್ರಿಲಿನಲ್ಲಿ ಚಾರ್ಲ್ಸ್ ರಾಜನ ತಲೆ ಬಂತು, ಅದೂ ಕಿರೀಟವಿಲ್ಲದೆ. ಮುತ್ತು ಎಣಿಸಿ ಬದುಕಿದ್ದವರೆಲ್ಲ ಈಗ ಕಿವಿಯ ಕಡೆ ನೋಡುತ್ತಿದ್ದಾರೆ.

ಬಾರ್‌ಕೋಡಿನ ತತ್ವಸಂಕಟ ಇನ್ನೂ ದೊಡ್ಡದು. ಪ್ರತಿ ಚೀಟಿಗೂ ಅದರದೇ ಸಂಕೇತ, ಒಂದರಂತೆ ಇನ್ನೊಂದಿಲ್ಲ. ಅರ್ಧ ಶತಮಾನ ಅದ್ವೈತಿಯಾಗಿದ್ದ ಅಂಚೆಯೇ ರಾತ್ರೋರಾತ್ರಿ ಮತಾಂತರಗೊಂಡು, ವಿದ್ವಾಂಸರು ಕನಸಿನಲ್ಲೂ ಕೇಳದಿದ್ದಷ್ಟು ಭೇದವನ್ನು ಕೊಟ್ಟುಬಿಟ್ಟಿತು. ಒಪ್ಪಿಕೊಂಡರೆ ಅಚ್ಚಾದ ಒಂದೊಂದು ಚೀಟಿಗೂ ಕೆಟಲಾಗಿನಲ್ಲಿ ಒಂದೊಂದು ಸಾಲು ಬರೆಯಬೇಕು, ಆಲ್ಬಮ್ಮಿನಲ್ಲಿ ಒಂದೊಂದು ಮನೆ ಬಿಡಬೇಕು. ಆದ್ದರಿಂದ ಭೂತಗನ್ನಡಿಯ ಸಹಾಯವಿಲ್ಲದೆ ಯಂತ್ರವೇ ಗುರುತಿಸುವ ಭೇದವು ಭೇದವೇ ಅಲ್ಲವೆಂದು ಸಿದ್ಧಾಂತ.