ಹಿಂದೆ ಕೂತು ಹಿಡ್ಕೊ

ಭಟ್ಕಳದಿಂದ ಎಲ್ಲಕ್ಕಿಂತ ಭದ್ರವಾಗಿ ಕಟ್ಟಿಸಿಕೊಂಡು ಹೊರಡುವ ಸರಕು ಯಾವುದೆಂದು ಯಾರಾದರೂ ಕೇಳಿದರೆ ನಾನು ಮಲ್ಲಿಗೆ ಎನ್ನುತ್ತೇನೆ. ತೂಕ ನೋಡಿದರೆ ಊದಿದರೆ ಹಾರುವಂಥದ್ದು. ಆದರೂ ಮೊಗ್ಗು ಕೊಯ್ದು, ಜಗಲಿಯ ಮೇಲೆ ಕಾಲು ಚಾಚಿ ಕೂತು, ಬಾಳೆನಾರಿಗೆ ಒಂದೊಂದು ಮೊಗ್ಗನ್ನೂ ಸುತ್ತಿ ಗಂಟು ಬಿಗಿದು, ಮೊಳ ಅಳೆದು, ಸುರುಳಿ ಮಾಡಿ, ಬಾಳೆಲೆಯಲ್ಲಿ ಪೊಟ್ಟಣ ಕಟ್ಟಿ, ಆ ಪೊಟ್ಟಣಕ್ಕೂ ಮತ್ತೆ ನಾರು ಬಿಗಿದು ಬಸ್ಸಿಗೆ ಕೊಡುತ್ತಾರೆ. ಕುಮಟಾದ ಅಳ್ವೆಕೋಡಿಗೆ ಹೋದರೆ, ಬೇಸಿಗೆಯಲ್ಲಿ ಹೆದ್ದಾರಿಯ ಅಂಚಿನುದ್ದಕ್ಕೂ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತಿರುತ್ತವೆ. ಈರುಳ್ಳಿಯನ್ನು ಅದರದೇ ಒಣಗಿದ ಸೊಪ್ಪಿನಿಂದ ಹೆಣೆದಿರುತ್ತಾರೆ. ಗೊಂಚಲನ್ನು ಗಾಡಿಯ ಹಿಂದೆ ಎಸೆದರೂ ಬೆಂಗಳೂರು ಮುಟ್ಟುವ ತನಕ ಒಂದೂ ಕಳಚುವುದಿಲ್ಲ.

ಕಟ್ಟುವ ವಿದ್ಯೆಯ ಪರಾಕಾಷ್ಠೆ ನೋಡಬೇಕೆಂದರೆ ಮಾತ್ರ ಹೊನ್ನಾವರ ಕಡೆಯ ಯಾವುದಾದರೂ ಯಕ್ಷಗಾನ ಆಟದ ಚೌಕಿಗೆ ಹೋಗಬೇಕು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ಸೀಮೆ ಇದು. ಬಡಗುತಿಟ್ಟಿನ ಮುಂಡಾಸನ್ನು ವೇಷಧಾರಿಯ ತಲೆಗೆ ಸುತ್ತಿ, ಎಳೆದು, ಬಿಗಿದು, ಮತ್ತೆ ಎಳೆದು ಕೂರಿಸುವಾಗ ನೋಡುವವರ ತಲೆಯೇ ನೋಯುತ್ತದೆ. ಆಮೇಲೆ ಆ ಮನುಷ್ಯ ರಂಗಸ್ಥಳಕ್ಕೆ ಬಂದು ಮಂಡಿ ಹಾಕುತ್ತಾನೆ. ಮೊಣಕಾಲಿನ ಮೇಲೆ ಗಿರಗಿರ ಸುತ್ತುತ್ತಾನೆ, ಎದ್ದು ಹಾರುತ್ತಾನೆ, ಮತ್ತೆ ಸುತ್ತುತ್ತಾನೆ. ಮುಂಡಾಸು ಇದ್ದಲ್ಲಿಂದ ಬೆರಳಗಲ ಸರಿಯುವುದಿಲ್ಲ.

ಇಷ್ಟೆಲ್ಲ ಕಟ್ಟಬಲ್ಲ ಜನ ನೂರು ಕಿಲೋದ ಕಬ್ಬಿಣದ ಕಪಾಟನ್ನು ವ್ಯಾನಿನೊಳಗೆ ನೂಕಿದ ಮೇಲೆ ಮಾಡುವುದು ಒಂದೇ ಕೆಲಸ. ಬಾಗಿಲು ಹಾಕುತ್ತಾರೆ.

ನನ್ನ ಭಾವನಿಗೆ ಒಂದು ಓಮ್ನಿ ಇದೆ. 1984ರಲ್ಲಿ ಹುಟ್ಟಿ 2019ರಲ್ಲಿ ನಿಂತುಹೋದ ವಂಶದ ಕೊನೆಗಾಲದ ಕುಡಿ ಅದು. ಹಿಂದಿನ ಸೀಟು ಬಿಚ್ಚಿ ಅಟ್ಟ ಸೇರಿಸಿ ಎಷ್ಟೋ ಕಾಲವಾಯಿತು. ಮದುವೆ ಮನೆಯ ಪಾತ್ರೆ, ತೆಂಗಿನಕಾಯಿ, ಅಡಿಕೆ ಚೀಲ, ಬಾವಿಯ ಪಂಪು, ಮನೆ ಬದಲಿಸುವವರ ಸಮಸ್ತ ಸಂಸಾರ, ಎಲ್ಲ ಅದರಲ್ಲೇ ಹೋಗಬೇಕು. ಹಿಂಬಾಗಿಲು ಒಂದೇ ಸಲಕ್ಕೆ ಹಾಕಿಕೊಳ್ಳುವ ಜಾತಿಯದಲ್ಲ. ಎರಡು ಸಲ ಸೊಂಟದಿಂದ ಗುದ್ದಿ, ಮೂರನೆಯ ಸಲ ಅಂಗೈಯಿಂದ ಬಡಿದಾಗ ಕುಯ್ಯೆಂದು ಕಚ್ಚಿಕೊಳ್ಳುತ್ತದೆ. ಆಗ ಭಾವನ ಮುಖದಲ್ಲಿ ಮೂಡುವ ಸಮಾಧಾನವನ್ನು ನೋಡಬೇಕು.

"ಒಳಗೆ ಎಂತಾದ್ರೂ ಕಟ್ಟಿದ್ಯನಾ ಭಾವಾ?" ಎಂದರೆ, "ಎಂತ ಆಗ್ತಿಲ್ಲೆ ಭಾವಾ, ಬಾಗಿಲು ಹಾಕಿದ್ದಲಾ" ಎನ್ನುತ್ತಾನೆ.

ಇದೇ ಭಾವ ನೆಂಟರ ತೆರೆದ ಪಿಕಪ್ಪಿನಲ್ಲಿ ಸಾಮಾನು ಹೇರುವಾಗ ಬೇರೆಯೇ ಮನುಷ್ಯ. ತಾಡಪಾಲು ಹೊದಿಸಿ, ನಾಲ್ಕೂ ಮೂಲೆಗೆ ಹಗ್ಗ ಹಾಯಿಸಿ, ಚಕ್ರಕ್ಕೆ ಕಾಲು ಕೊಟ್ಟು ಜಗ್ಗಿ, ಜೀರುಗುಣಿಕೆ ಹಾಕಿ, ಮತ್ತೊಮ್ಮೆ ಸುತ್ತು ಬಂದು ಬೆರಳಿನಿಂದ ಮೀಟಿ ಶ್ರುತಿ ನೋಡುತ್ತಾನೆ. ಈ ವ್ಯತ್ಯಾಸದ ಕಾರಣ ಬಹಳ ದಿನ ನನಗೆ ಬಗೆಹರಿದಿರಲಿಲ್ಲ. ಈಗ ಗೊತ್ತಾಗಿದೆ. ನಾವು ಸಾಮಾನು ಬೀಳಬಾರದೆಂದು ಕಟ್ಟುವವರಲ್ಲ, ಬಿದ್ದದ್ದನ್ನು ಊರು ನೋಡಬಾರದೆಂದು ಕಟ್ಟುವವರು. ತೆರೆದ ಗಾಡಿಯ ಹಗ್ಗವನ್ನು ಬಿಗಿಯುವುದು ಮರ್ಯಾದೆ. ಮಂಕಿ ಪೇಟೆಯ ನಡುವೆ ಹಾಸಿಗೆ ಸುರುಳಿ ಬಿಚ್ಚಿಕೊಂಡು ಬಿದ್ದರೆ ಮೂರು ತಲೆಮಾರಿಗೆ ಮಾತಾಗುತ್ತದೆ. ಮುಚ್ಚಿದ ವ್ಯಾನಿನಲ್ಲಿ ಆ ಭಯವಿಲ್ಲ. ಒಳಗೆ ಕಪಾಟು ಮಗುಚಿ ಕನ್ನಡಿ ಒಡೆದರೂ ಅದು ಮನೆಯೊಳಗಿನ ವಿಷಯ.

ಕಾನೂನೂ ಹೆಚ್ಚು ಹೆದರಿಸುವುದು ಕಾಣುವುದಕ್ಕೇ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಸರಕು ಗಾಡಿಯ ಮೈಯಿಂದ ಹೊರಗೆ ಚಾಚಿದ್ದರೆ 20,000 ರೂಪಾಯಿ ದಂಡ. ಭಾವನಿಗೆ ಈ ಅಂಕಿ ಬಾಯಿಪಾಠ. ಹಾಗಾಗಿ ಏಣಿಯನ್ನು ಕೂಡ ಓರೆಯಾಗಿ, ಒಂದು ತುದಿ ತನ್ನ ಕಿವಿಯ ಪಕ್ಕಕ್ಕೆ ಬರುವಂತೆ, ಪೂರ್ತಿ ಒಳಗೇ ಇಟ್ಟುಕೊಳ್ಳುತ್ತಾನೆ.

ಸರಕಿಗಾದರೋ ಕಾಯ್ದೆ ಗೊತ್ತಿಲ್ಲ, ವೇಗವೊಂದು ಗೊತ್ತು. ಗಾಡಿ ಓಡುವಷ್ಟೇ ಜೋರಾಗಿ ಒಳಗಿನ ಕಪಾಟೂ ಓಡುತ್ತಿರುತ್ತದೆ. ಬ್ರೇಕು ಇರುವುದು ಗಾಡಿಗೆ, ಕಪಾಟಿಗಲ್ಲ. ನಮ್ಮ 66ನೇ ಹೆದ್ದಾರಿಯಲ್ಲಿ ಬ್ರೇಕಿಗೆ ಕಾರಣ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಳೆಗಾಲದ ರಾತ್ರಿ ಬೆಚ್ಚಗಿನ ಡಾಂಬರಿನ ಮೇಲೆ ದನಗಳು ಸಭೆ ಸೇರಿರುತ್ತವೆ. ಅಧ್ಯಕ್ಷ ಸ್ಥಾನದ ಎಮ್ಮೆ ನಿಮ್ಮ ಹೆಡ್‌ಲೈಟಿಗೆ ಕಣ್ಣನ್ನೂ ಮಿಟುಕಿಸುವುದಿಲ್ಲ. ಭಾವ ಬ್ರೇಕು ತುಳಿಯುತ್ತಾನೆ.

ಗಾಡಿ ಬ್ರೇಕಿನಿಂದ ನಿಲ್ಲದೆ ಎಲ್ಲಿಗಾದರೂ ಗುದ್ದಿ ತಟ್ಟನೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಹೈಸ್ಕೂಲಿನ ಲೆಕ್ಕ ಸಾಕು. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಸಾಮಾನು ಮುಂದಕ್ಕೆ ಬಡಿಯುವ ಹೊಡೆತ, ಅದೇ ಸಾಮಾನು ಹತ್ತು ಮೀಟರ್ ಎತ್ತರದ ತೆಂಗಿನಮರದ ತುದಿಯಿಂದ ಬಿದ್ದಂತೆ. ವೇಗ ದುಪ್ಪಟ್ಟಾದರೆ ಎತ್ತರ ನಾಲ್ಕು ಪಟ್ಟು. ಮುರ್ಡೇಶ್ವರದ ಶಿವನ ಮೂರ್ತಿ 123 ಅಡಿ. ಅದರ ಜಟೆಯ ತುದಿಯಿಂದ ಕೆಳಗೆ ಬಿಟ್ಟ ವಸ್ತು ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 98 ಕಿ.ಮೀ. ಅಂದರೆ ಹೊಸ ನಾಲ್ಕುಪಥದಲ್ಲಿ ನೂರರ ಹತ್ತಿರ ಓಡಿಸುವವರು ಹಿಂದಿನ ಕಪಾಟನ್ನು ಶಿವನ ತಲೆಯ ಮೇಲೆ ಇಟ್ಟು, ತಾವು ಅವನ ಪಾದದ ಬಳಿ ಕೂತಿದ್ದಾರೆ. ಓಮ್ನಿಯಲ್ಲಂತೂ ಎಂಜಿನ್ನು ಸೀಟಿನ ಅಡಿಗಿದೆ. ಮುಂದೆ ಮೂಗೂ ಇಲ್ಲ. ಹಿಂದಿನಿಂದ ಕಪಾಟು, ಎದುರಿಗೆ ಎಮ್ಮೆ, ನಡುವೆ ಭಾವ.

ಗುದ್ದುವ ಮಾತು ಬಿಡಿ. ಬರೀ ಬ್ರೇಕಿನ ಮಟ್ಟಿಗೆ ಯೂರೋಪು, ಅಮೆರಿಕದವರು ಒಂದು ಲೆಕ್ಕ ಇಟ್ಟಿದ್ದಾರೆ. ಸರಕನ್ನು ತಡೆಯುವ ವ್ಯವಸ್ಥೆ ಮುಂದಕ್ಕೆ ಅದರ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು, ಪಕ್ಕಕ್ಕೂ ಹಿಂದಕ್ಕೂ ಅರ್ಧದಷ್ಟು ಬಲವನ್ನು ತಾಳಬೇಕು. ನೂರು ಕಿಲೋ ಕಪಾಟಿಗೆ ಮುಂದಕ್ಕೆ ಎಂಬತ್ತು ಕಿಲೋ. ಇದಕ್ಕೆ ಅವರು ಬೆಲ್ಟು, ಕೊಕ್ಕೆ, ನೆಲದ ಬಳೆ, ನಡುವೆ ಉಕ್ಕಿನ ಅಡ್ಡಗೋಡೆ ಎಲ್ಲ ಮಾಡಿಕೊಂಡಿದ್ದಾರೆ. ನಮ್ಮಲ್ಲಿ ಇವೆಲ್ಲಕ್ಕೂ ಬದಲಾಗಿ ಒಂದೇ ಸಾಧನ ಇದೆ. ಅದು ಮನೆಯ ಕಿರಿಯ ಹುಡುಗ.

"ತಮಾ, ಹಿಂದೆ ಕೂತು ಹಿಡ್ಕೊ."

ಹುಡುಗ ಖುಷಿಯಿಂದ ಹತ್ತುತ್ತಾನೆ. ಕಪಾಟಿಗೆ ಬೆನ್ನು ಕೊಟ್ಟು, ಗ್ರೈಂಡರಿಗೆ ಕಾಲು ಕೊಟ್ಟು, ಒಂದು ಕೈಯಲ್ಲಿ ದೇವರ ಫೋಟೋ, ಇನ್ನೊಂದರಲ್ಲಿ ಗ್ಯಾಸಿನ ಒಲೆ ಹಿಡಿದು ಕೂರುತ್ತಾನೆ. ಎಂಬತ್ತು ಕಿಲೋ ಬಲ ತಡೆಯಬೇಕಾದವನ ಸ್ವಂತ ತೂಕ ನಲವತ್ತು. ಬ್ರೇಕು ಬಿದ್ದಾಗ ಅವನನ್ನೂ ಯಾರಾದರೂ ಹಿಡಿದುಕೊಳ್ಳಬೇಕು. ಲೆಕ್ಕದ ಪ್ರಕಾರ ಅವನೂ ಸರಕೇ, ಬಾಡಿಗೆ ಮಾತ್ರ ಇಲ್ಲ. ಈ ಪದ್ಧತಿಯ ಬಗ್ಗೆ ನನಗೆ ತಮಾಷೆಯಿಲ್ಲದ ಸಿಟ್ಟಿದೆ. ಆದರೆ ಆ ಹುಡುಗನ ಮುಖದ ಜವಾಬ್ದಾರಿ ನೋಡಿದರೆ ಬೈಯಲು ಬಾಯಿ ಬರುವುದಿಲ್ಲ. ಬೈಗುಳವೆಲ್ಲ ಭಾವನಿಗೇ ಹೋಗುತ್ತದೆ.

ವರ್ಷಕ್ಕೆ ಒಂದು ದಿನ ಮಾತ್ರ ಭಾವನ ಗಾಡಿಯಲ್ಲಿ ಎಲ್ಲವೂ ಶಾಸ್ತ್ರೋಕ್ತವಾಗಿ ನಡೆಯುತ್ತದೆ. ಅದು ಚೌತಿ. ಗುಡಿಗಾರರ ಮನೆಯಿಂದ ಮಣ್ಣಿನ ಗಣಪತಿಯನ್ನು ತರಬೇಕು. ದೇವರಿಗೆ ಹಗ್ಗ ಬಿಗಿಯಲಾಗುತ್ತದೆಯೇ? ಆದ್ದರಿಂದ ನೆಲಕ್ಕೆ ಹುಲ್ಲು ಹಾಸಿ, ಮಣೆಯ ಸುತ್ತ ಮರಳಿನ ಚೀಲ ಕೊಟ್ಟು, ಸಂದಿಗೆಲ್ಲ ಹಳೆಯ ಕಂಬಳಿ ತುರುಕುತ್ತಾನೆ. ಗಾಡಿಯನ್ನು ಇಪ್ಪತ್ತರ ಮೇಲೆ ಏರಿಸುವುದಿಲ್ಲ. ಐವತ್ತರ ಬದಲು ಇಪ್ಪತ್ತರಲ್ಲಿ ಹೋದರೆ ಹೊಡೆತ ಆರರಲ್ಲಿ ಒಂದು ಪಾಲಿಗಿಂತ ಕೆಳಗಿಳಿಯುತ್ತದೆ. ತೆಂಗಿನಮರದಿಂದ ಬೀಳಬೇಕಾದದ್ದು ಆಳೆತ್ತರದಿಂದ ಬಿದ್ದಷ್ಟೇ. ಅವನಿಗೆ ಗೊತ್ತಿಲ್ಲದೇ ಇಲ್ಲ, ಕಪಾಟಿಗೆ ಸೊಂಡಿಲಿಲ್ಲ, ಅಷ್ಟೇ.

ಸಂದು ಬಿಡಬಾರದು ಎಂಬ ವಿದ್ಯೆಯನ್ನು ಕಾಸರಕೋಡು ಬಂದರಿನ ಮೀನುಗಾಡಿಯವರಿಂದ ಕಲಿಯಬೇಕು. ಒಂದು ಹಗ್ಗವೂ ಕಾಣುವುದಿಲ್ಲ. ಪೆಟ್ಟಿಗೆಗೆ ಪೆಟ್ಟಿಗೆ ಒತ್ತಿ, ಮುಂದಿನ ಗೋಡೆಯಿಂದ ಹಿಂದಿನ ಬಾಗಿಲ ತನಕ ಒಂದು ಬಂಗಡೆ ತೂರುವಷ್ಟೂ ಜಾಗ ಬಿಡದೆ ಜೋಡಿಸುತ್ತಾರೆ. ಓಡಲು ಜಾಗವೇ ಇಲ್ಲದ ಮೇಲೆ ಪೆಟ್ಟಿಗೆ ಓಡುವುದೆಲ್ಲಿಗೆ? ಕುಮಟಾ ಪೇಟೆಯ ಹಮಾಲರು ಅಡಿಕೆ ಚೀಲ ಹೇರುವುದೂ ಹೀಗೆಯೇ. ಭಾರ ಕೆಳಗೆ, ಹಗುರ ಮೇಲೆ, ಎಲ್ಲ ಮುಂದಿನ ಗೋಡೆಗೆ ತಾಗಿ. ಒಂದು ಸಾಲಿನ ಚೀಲ ಉದ್ದಕ್ಕೆ, ಮೇಲಿನ ಸಾಲು ಅಡ್ಡಕ್ಕೆ. ಅವರಲ್ಲಿ ವಯಸ್ಸಾದ ಒಬ್ಬರು ಭಾವನ ಗಾಡಿಯೊಳಗೆ ಇಣುಕಿ, ಎಣ್ಣೆ ಡಬ್ಬ ಸೋರಿ ಹೊಳೆಯುತ್ತಿದ್ದ ತಗಡಿನ ನೆಲವನ್ನು ನೋಡಿ, "ಒಡೆಯಾ, ಇದ್ರ ಮೇಲೆ ಕಟ್ಟಿ ಪ್ರಯೋಜನ ಇಲ್ಲ, ಮೊದ್ಲು ಗೋಣಿ ಹಾಸಿ" ಎಂದರು. ಎಂಥ ಮಾತು! ಮೇಲಿನಿಂದ ಬಿಗಿಯುವ ಹಗ್ಗ ಸಾಮಾನನ್ನು ಹಿಡಿಯುವುದೇ ಅದನ್ನು ನೆಲಕ್ಕೆ ಒತ್ತಿ. ನೆಲ ಜಾರಿದರೆ ಹಗ್ಗ ಬಡವಾಗುತ್ತದೆ.

ಇನ್ನು ಅಡಿಗೆಯವರು. ಭಟ್ಕಳದ ಮದುವೆಗಳಿಗೆ ಬಿರಿಯಾನಿಯ ಡೇಗುಗಳು ಮುಚ್ಚಳದ ಅಂಚಿಗೆ ಹಿಟ್ಟಿನ ಮುದ್ರೆ ಒತ್ತಿಸಿಕೊಂಡು ಹೊರಡುತ್ತವೆ. ದಮ್ಮಿಗೆಂದು ಹಾಕಿದ ಮುದ್ರೆ ದಾರಿಗೂ ಆಗುತ್ತದೆ. ನಮ್ಮ ಕಡೆಯ ಭಟ್ಟರಿಗೆ ಪಾಯಸದ್ದೇ ಚಿಂತೆ. ಕೊಳಗ ಮುಕ್ಕಾಲು ತುಂಬಿದ್ದರೆ ತಿರುವಿನಲ್ಲಿ ಪಾಯಸ ಎದ್ದು ನಿಲ್ಲುತ್ತದೆ, ಕಂಠದ ತನಕ ತುಂಬಿ ಮುಚ್ಚಳ ಬಿಗಿದರೆ ಸುಮ್ಮನಿರುತ್ತದೆ. ಸಾರಿನ ಮೇಲೆ ಬಾಳೆಲೆ ತುಂಡು ತೇಲಿಸುತ್ತಾರೆ, ತುಳುಕುವುದು ಎಷ್ಟೋ ಕಡಿಮೆ. ಮಂಗಳೂರಿನಿಂದ ಬರುವ ದೊಡ್ಡ ಟ್ಯಾಂಕರುಗಳ ಹೊಟ್ಟೆಯೊಳಗೆ ಇದೇ ಕಾರಣಕ್ಕೆ ತೂತಿನ ಅಡ್ಡತಗಡುಗಳಿರುತ್ತವೆ. ಬಾಳೆಲೆಗೆ ಎಂಜಿನಿಯರಿಂಗ್ ಪದವಿ ಕೊಡಬಹುದು.

ಗೇರುಸೊಪ್ಪೆ ಘಟ್ಟ ಹತ್ತುವಾಗ ಲೆಕ್ಕವೆಲ್ಲ ಉಲ್ಟಾ. ಸಾಮಾನು ಹಿಂದಕ್ಕೆ ಸರಿದು ಬಾಗಿಲಿಗೆ ಒರಗುತ್ತದೆ. ಮಾವಿನಗುಂಡಿಯಲ್ಲಿ ಬಾಗಿಲು ತೆಗೆದವನ ಕಾಲ ಮೇಲೆ ತೆಂಗಿನಕಾಯಿಗಳು ತಾವಾಗಿಯೇ ಇಳಿದು ಬರುತ್ತವೆ. ಹೊರಟ ಸ್ವಲ್ಪ ಹೊತ್ತಿಗೇ ಕುಲುಕಾಟಕ್ಕೆ ಸಾಮಾನು ಕುಸಿದು, ನೈಲಾನ್ ಹಗ್ಗ ಹಿಗ್ಗಿ, ಕಟ್ಟು ಸಡಿಲಾಗುತ್ತದೆ. ಅಮೆರಿಕದ ಲಾರಿ ಚಾಲಕರು ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಕಟ್ಟು ನೋಡಲೇಬೇಕೆಂಬ ನಿಯಮವಿದೆ. ಭಟ್ಕಳದಿಂದ ಹೊರಟರೆ ಅಷ್ಟರಲ್ಲಿ ಕುಮಟಾವೂ ದಾಟಿರುತ್ತದೆ. ಭಾವ ಅಷ್ಟು ದೂರ ಹೋಗುವುದಿಲ್ಲ, ಹತ್ತು ಕಿಲೋಮೀಟರಿಗೇ ನಿಲ್ಲಿಸುತ್ತಾನೆ. ಚಹಾ ಕುಡಿದು, ಕವಳ ಹಾಕಿ, ಹೊರಡುತ್ತಾನೆ.

ಸರಕು ದಾರಿಯಲ್ಲಿ ಕೆಟ್ಟರೆ ನಷ್ಟ ಯಾರದು ಎಂಬ ಜಗಳ ಈ ಕರಾವಳಿಗೆ ಹೊಸದಲ್ಲ. ವಿಜಯನಗರದ ಕಾಲದಲ್ಲಿ ಅರಬ್ಬಿ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಭಟ್ಕಳ. ಜೀವಂತ ಸರಕು, ವಾರಗಟ್ಟಲೆ ಕಡಲು, ಹಡಗಿನ ಹೊಯ್ದಾಟ. ಸಾಳುವ ನರಸಿಂಹನು ಕುದುರೆ ಸತ್ತರೂ ಬದುಕಿದರೂ ಒಂದೇ ಬೆಲೆ ಕೊಡುತ್ತಿದ್ದನೆಂದೂ, ಕಡಲಿನಲ್ಲಿ ಸತ್ತದ್ದಕ್ಕೆ ಬಾಲ ತಂದು ತೋರಿಸಿದರೆ ಸಾಕಿತ್ತೆಂದೂ ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಇಂಥ ಗಿರಾಕಿ ಸಿಕ್ಕಿದರೆ ಯಾವ ಹಡಗಿನವನು ಕುದುರೆಯನ್ನು ನೆಟ್ಟಗೆ ಕಟ್ಟಿಯಾನು? ಈ ಕಥೆಯನ್ನು ನಾನು ಭಾವನಿಗೆ ಹೇಳಬಾರದಿತ್ತೇನೋ. ಯಾರದೋ ಡ್ರೆಸಿಂಗ್ ಟೇಬಲ್ಲು ಒಡೆದಾಗ ಅವನು ಅದರ ಹಿಡಿಕೆಯೊಂದನ್ನು ಜೋಪಾನವಾಗಿ ತಂದು ಮಾಲೀಕರ ಕೈಗಿಟ್ಟು ಬಾಡಿಗೆ ಕೇಳಿದ.

ಕಟ್ಟುವ ವಿಷಯದಲ್ಲಿ ನನಗೆ ಗೌರವ ಇರುವುದು ರೈಲಿನವರ ಮೇಲೆ. ಕೊಂಕಣ ರೈಲ್ವೆಯ ರೋ-ರೋ 1999ರ ಜನವರಿ 26ರಂದು ಕೋಲಾಡ್‌ನಿಂದ ವೆರ್ಣಾಕ್ಕೆ ಶುರುವಾಗಿ ಆಮೇಲೆ ಸುರತ್ಕಲ್ ತನಕ ಬಂತು. ಲಾರಿಯ ಮೇಲೆ ಸರಕು, ರೈಲಿನ ಮೇಲೆ ಲಾರಿ, ಲಾರಿಯೊಳಗೆ ಮಲಗಿರುವ ಚಾಲಕ. ಹೊನ್ನಾವರ ನಿಲ್ದಾಣದಲ್ಲಿ ಅದು ಹಾದುಹೋಗುವುದನ್ನು ಭಾವನಿಗೆ ತೋರಿಸಿದೆ. ಲಾರಿಯನ್ನೇ ಕಟ್ಟಿದ್ದಾರಲ್ಲ ಎಂದು ಅವನು ಬಹಳ ಹೊತ್ತು ಮಾತಾಡಲಿಲ್ಲ.

ಮರುವಾರ ಕುಮಟಾಕ್ಕೆ ಹೋದವನು ಲಾರಿಯವರು ಬಳಸುವ ಹಳದಿ ಬೆಲ್ಟು ಕೊಂಡುಕೊಂಡು ಬಂದ. ಹಿಡಿಕೆ ಆಡಿಸಿದರೆ ಕಟಕಟ ಎಂದು ಬಿಗಿಯುವಂಥದ್ದು, ಎರಡು ತುದಿಗೂ ಉಕ್ಕಿನ ಕೊಕ್ಕೆ. ಊರವರಿಗೆಲ್ಲ ತೋರಿಸಿದ. ನಾನು ಅದನ್ನು ನೋಡಲೆಂದೇ ಹೋದೆ. ಓಮ್ನಿ ಅಂಗಳದಲ್ಲಿ ಹೊರಟು ನಿಂತಿತ್ತು. ಒಳಗೆ ಒಂದು ಫ್ರಿಜ್ಜು, ಎರಡು ಟ್ರಂಕು, ಟ್ರಂಕಿನ ಮೇಲೆ ಕಡೆಗಲ್ಲು, ಎಲ್ಲವೂ ಸರ್ವತಂತ್ರ ಸ್ವತಂತ್ರ. ಬೆಲ್ಟು ಇತ್ತು, ಬಹಳ ಬಿಗಿಯಾಗಿಯೇ ಇತ್ತು. ಒಂದು ಕೊಕ್ಕೆ ಬಂಪರಿಗೆ, ಇನ್ನೊಂದು ಮೇಲಿನ ಕ್ಯಾರಿಯರಿಗೆ. ನಡುವೆ ಹಿಂಬಾಗಿಲು.

"ಈಗ ಗುದ್ದೂದೇ ಬೇಡ ಭಾವಾ" ಎಂದ.