ಕಾತ್ರಜದ ಕ್ಯಾಬಿನ್

ವಿಲಾಸಿ ಹಡಗಿನ ಕ್ಯಾಬಿನ್ ದರ ಬೆಳಿಗ್ಗೆ ಒಂದು, ಸಂಜೆ ಒಂದು ಅಂತ ಉಳ್ಳವರು ಗೋಳಾಡುತ್ತಾರಂತೆ. ಅವರು ದೀಪಾವಳಿ ಮುಂದೆ ಪುಣೆಯ ಕಾತ್ರಜಕ್ಕೆ ಬರಲಿ. ನಮ್ಮ ಹಡಗು ಹೊರಡೋದು ಇಲ್ಲಿಂದ: ಹುಬ್ಬಳ್ಳಿಯ ಸ್ಲೀಪರ್ ಬಸ್ಸು.

ಮೊಬೈಲಿನಲ್ಲಿ ಕೆಳಗಿನ ಬರ್ತು 900 ಇತ್ತು. "ರೀ, ಕಿಟಕಿ ಕಡೀದು ನೋಡ್ರಿ" ಅಂದಳು ಹೆಂಡತಿ. ನೋಡಿ ಬರೋದ್ರೊಳಗೆ 1,400. ಕನ್ನಡಕ ಒರೆಸಿಕೊಂಡು ನೋಡಿದರೆ 2,100. ಅದೂ ಹಿಂದಿನ ಚಕ್ರದ ಮೇಲಿನದು.

ಸರ್ಕಾರಿ ಎಸ್‌ಟಿ ಬಸ್ಸಿನ ದರದ ಒಂದೂವರೆ ಪಟ್ಟು ಮೀರಬಾರದೆಂದು ಮಹಾರಾಷ್ಟ್ರ ಸರ್ಕಾರ 2018ರಲ್ಲೇ ಖಾಸಗಿ ಬಸ್ಸುಗಳಿಗೆ ಆದೇಶಿಸಿದೆ. ಏಜೆಂಟನಿಗೆ ಅದನ್ನೇ ಹೇಳಿದೆ. "ಆದೇಶ ಓದಿಕೋತ ನಿಂತ್ರ ಇದೂ ಹೋಗತೈತಿ ನೋಡ್ರಿ ಸರ" ಅಂದ. ಹೋಯಿತು.

ಪೇಶ್ವೆಯವರು ಇದೇ ಕಾತ್ರಜದ ಕೆರೆಯಿಂದ ಪುಣೆಗೆ ನೀರು ಕುಡಿಸಿದರು. ಈಗ ನಮಗೆ ನೀರು ಕುಡಿಸುವವರು ಬುಕಿಂಗ್ ಕೌಂಟರಿನಲ್ಲಿ ಕೂತಿದ್ದಾರೆ.

ಕೊನೆಗೆ ಆ ಏಜೆಂಟನೇ ಕರುಣೆ ತೋರಿದ: "ಕ್ಯಾಬಿನ್ ಖಾಲಿ ಐತ್ರಿ." ಹಿಗ್ಗಿ ಹತ್ತಿದೆವು. ಡ್ರೈವರನ ಪಕ್ಕದ ಕ್ಯಾಬಿನ್ನು! ಮಡಿಲಲ್ಲಿ ಚಕ್ಕುಲಿ ಡಬ್ಬಿ, ಕಾಲ ಕೆಳಗೆ ಯಾರದೋ ಈರುಳ್ಳಿ ಚೀಲ, ಎದುರಿಗೆ ಅಖಂಡ ಗಾಜು. ಹೆಂಡತಿ ನಿಟ್ಟುಸಿರಿಟ್ಟಳು: "ಕಿಟಕಿ ಏನೋ ದೊಡ್ಡದ ಸಿಕ್ಕತು ಬಿಡ್ರಿ."