ನನ್ನ ಫೋನಿನ ಮಡಿ ಮೈಲಿಗೆ

ಬೆಳಿಗ್ಗೆ ಆರಕ್ಕೆ ಅಲಾರಂ ಬಡಿದುಕೊಂಡಿತು. ನಾನು ಕಣ್ಣು ಬಿಡುವಷ್ಟರಲ್ಲಿ ನನ್ನವಳು ಅದರ ಕತ್ತು ಹಿಸುಕಿಯಾಗಿತ್ತು. ಆದರೆ ಫೋನು ಕೆಳಗಿಡಲಿಲ್ಲ.

"ಏನ್ರೀ ಇದು?"

ಪರದೆ ತುಂಬ ಯಾವಳೋ ನಟಿ ಸಮುದ್ರದ ದಂಡೆಯಲ್ಲಿ ನಿಂತಿದ್ದಳು. ಮಾಗಿಯ ಚಳಿಗೆ ಆಗುವ ಉಡುಪಂತೂ ಅಲ್ಲ. ಅವಳ ರಜೆಯ ಗುಟ್ಟು ತಿಳಿಯಬೇಕಾದರೆ ಇಲ್ಲಿ ಒತ್ತಿ ಅಂತ ಕೆಳಗೊಂದು ಆಹ್ವಾನ.

"ನಾನು ಹಾಕಿದ್ದಲ್ಲ ಕಣೇ, ಕಂಪನಿಯವರೇ ಹಾಕೋದು. ದಿನಾ ಒಬ್ಬೊಬ್ಬಳು ಬರ್ತಾಳೆ."

"ದಿನಾ?"

ಇಪ್ಪತ್ತಾರು ವರ್ಷ ಸಂಸಾರ ಮಾಡಿದರೂ ನನಗೆ ಬುದ್ಧಿ ಬಂದಿಲ್ಲ, ನೋಡಿ. ನಿಜ ಹೇಳಲೇಬೇಕಾಗಿ ಬಂದರೆ ಒಂದು ವಾಕ್ಯಕ್ಕೆ ನಿಲ್ಲಿಸಬೇಕು. ಎರಡನೆಯ ವಾಕ್ಯ ಯಾವತ್ತೂ ಗಂಡಸಿನ ಪರ ಸಾಕ್ಷಿ ಹೇಳುವುದಿಲ್ಲ. ನಿಮ್ಮ ಮನೆಯ ಕಾನೂನೂ ಇದೇ ಇರಬೇಕು.

ಅವತ್ತಿನ ಕಾಫಿ ನೀರು ನೀರಾಗಿತ್ತು. ಅದನ್ನೇ ಗುಟುಕರಿಸುತ್ತ ಆ ನಟಿಯನ್ನು ಮನೆಯಿಂದ ಹೊರಗೆ ಹಾಕಲು ಕೂತೆ. ಅನ್‌ಇನ್‌ಸ್ಟಾಲ್ ಅನ್ನುವ ಗುಂಡಿಯೇ ಇಲ್ಲ. ಡಿಸೇಬಲ್ ಇದೆ, ಆದರೆ ಬೂದಿ ಬಣ್ಣಕ್ಕೆ ತಿರುಗಿ ಸತ್ತಂತೆ ಬಿದ್ದಿದೆ. ಜೊತೆಗೆ ನಾನು ಕರೆಯದೆ ಬಂದು ಕೂತ ಇಸ್ಪೀಟಾಟ ಒಂದು, ಸಾಲ ಬೇಕಾ ಸಾಲ ಬೇಕಾ ಅನ್ನುವ ಆ್ಯಪ್ ಒಂದು. ಮದುವೆ ಮುಗಿದು ತಿಂಗಳಾದರೂ ಹೊರಡದ ನೆಂಟರ ಹಾಗೆ ಎಲ್ಲರೂ ಚಾಪೆ ಹಾಸಿಕೊಂಡಿದ್ದಾರೆ. ಹದಿನಾರು ಸಾವಿರ ಎಣಿಸಿಕೊಟ್ಟು ತಂದ ಫೋನು, ರಸೀದಿಯೂ ನನ್ನ ಹೆಸರಲ್ಲೇ ಇದೆ. ಒಬ್ಬರನ್ನು ಎಬ್ಬಿಸುವ ಅಧಿಕಾರವೂ ನನಗಿಲ್ಲ. ಮನೆಯೊಳಗೂ ಇಲ್ಲ ಎನ್ನುವುದು ಬೇರೆ ಮಾತು. ಆದರೆ ಮನೆಗೆ ನಾನು ಹದಿನಾರು ಸಾವಿರ ಕೊಟ್ಟಿಲ್ಲವಲ್ಲ.

ಶನಿವಾರ ಅಕ್ಕನ ಮಗ ಚೇತು ಬೆಂಗಳೂರಿನಿಂದ ಬಂದ. ಇವನ ಬಗ್ಗೆ ಸ್ವಲ್ಪ ಹೇಳಬೇಕು. 2011ರ ಸುಮಾರಿಗೆ ನಾನು ಮೊದಲ ಆಂಡ್ರಾಯ್ಡ್ ಫೋನು ತಂದಾಗ ಅದರಲ್ಲಿ ಕನ್ನಡ ಕಾಣುತ್ತಿರಲಿಲ್ಲ. ಯಾರೇ ಕನ್ನಡದಲ್ಲಿ ಮೆಸೇಜ್ ಕಳಿಸಿದರೂ ಸಾಲಾಗಿ ಚೌಕ ಚೌಕ ಡಬ್ಬಿ. ನಮ್ಮ ಭಾಷೆಯನ್ನು ಯಾರೋ ಪ್ಯಾಕ್ ಮಾಡಿ ಗೋಡೌನಿಗೆ ಹಾಕಿದ್ದಾರೆ ಅನ್ನಿಸುತ್ತಿತ್ತು. ಆಗ ಪಿಯುಸಿ ಓದುತ್ತಿದ್ದ ಚೇತು ಒಂದು ಮಧ್ಯಾಹ್ನ ಫೋನನ್ನು ರೂಟ್ ಮಾಡಿ, ಅಂದರೆ ಅದರ ಒಳಗಿನ ಪೂರ್ತಿ ಅಧಿಕಾರ ಕಿತ್ತುಕೊಂಡು, ಕನ್ನಡದ ಫಾಂಟ್ ತುರುಕಿ ಕೊಟ್ಟ. ಡಬ್ಬಿಗಳೆಲ್ಲ ಒಡೆದು ಅಕ್ಷರಗಳಾದವು. ಮರುದಿನ ಆಫೀಸಿನಲ್ಲಿ ನಾನು "ಏನಿಲ್ಲ, ಸ್ವಲ್ಪ ರೂಟ್ ಮಾಡ್ಕೊಂಡೆ" ಅಂದೆ. "ಮಾಡಿಸ್ಕೊಂಡೆ" ಅನ್ನಬೇಕಾದ ಕಡೆ ಒಂದಕ್ಷರ ನುಂಗಿದೆ, ಅಷ್ಟೇ. ಆ ಒಂದಕ್ಷರದ ಮೇಲೆ ಹತ್ತು ವರ್ಷ ಕಂಪ್ಯೂಟರ್ ಪಂಡಿತನಾಗಿ ಬಾಳಿದೆ.

ಚೇತು ಫೋನನ್ನು ತಿರುಗಿಸಿ ನೋಡಿದ. "ಮಾಮ, ಈಗ ಆಗಿನಷ್ಟು ಸಲೀಸಲ್ಲ. ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡ್ಬೇಕು. ಆಮೇಲೆ ಕಂಪನಿ ಆಂಡ್ರಾಯ್ಡ್ ಬದಲು ಲೀನಿಯೇಜ್‌ಒಎಸ್ ಅನ್ನೋ ಆಂಡ್ರಾಯ್ಡ್ ಹಾಕಿದ್ರೆ ಈ ನಟಿ ಗಿಟಿ ಯಾರೂ ಇರಲ್ಲ."

"ಲೋಡರ್ ಅಂದ್ರೆ?"

"ನಿಮ್ಮಜ್ಜಿ ಅಡುಗೆಮನೆ ಬಾಗಿಲಲ್ಲಿ ಕೂತಿರ್ತಿದ್ರು ಅಂತ ಅಮ್ಮ ಹೇಳ್ತಾಳಲ್ಲ, ಅದೇ."

ಆ ಹುಡುಗ ನಮ್ಮಜ್ಜಿಯನ್ನು ಕಂಡವನೇ ಅಲ್ಲ, ಆದರೂ ಎಷ್ಟು ಸರಿಯಾಗಿ ಹೇಳಿದ! ನಮ್ಮಜ್ಜಿ ಬೆಳಗಿನ ಜಾವವೇ ಮಿಂದು, ಒದ್ದೆ ಸೀರೆಯಲ್ಲಿ ಹೊಸ್ತಿಲ ಹತ್ತಿರ ಕೂರುವಳು. "ಸ್ನಾನ ಆಯ್ತಾ?" ಆಗಿದ್ದವರು ಒಳಗೆ. ಹಾಗೆ ಒಳಗೆ ಹೋದ ಚಿಕ್ಕಮ್ಮ ಮುಂದಿನವರನ್ನು ಕೇಳುವಳು, ಅವರು ಅದರ ಮುಂದಿನವರನ್ನು. ಫೋನಿನಲ್ಲೂ ಹೀಗೇ ನಡೆಯುತ್ತದಂತೆ. ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಕಂಪನಿಯ ಗುರುತನ್ನು ಅಳಿಸಲಾಗದಂತೆ ಬರೆದಿರುತ್ತಾರೆ. ಫೋನು ಎದ್ದಾಗ ಮೊದಲು ಏಳುವ ಪ್ರೋಗ್ರಾಮು ಎರಡನೆಯದರ ಸಹಿ ನೋಡುತ್ತದೆ, ಎರಡನೆಯದು ಮೂರನೆಯದರದು. ಕಂಪನಿಯ ಸಹಿ ಇಲ್ಲದ್ದು ಎಷ್ಟೇ ಒಳ್ಳೆಯದಿರಲಿ, ಜಗಲಿಯಿಂದಲೇ ವಾಪಸು. ಸ್ಯಾಮ್‌ಸಂಗ್‌ನವರದು ಇನ್ನೂ ಕಟ್ಟುನಿಟ್ಟು: ಹೊರಗಿನ ತಂತ್ರಾಂಶ ಒಮ್ಮೆ ಒಳಗೆ ಬಂದರೆ ಚಿಪ್ಪಿನಲ್ಲಿ ಒಂದು ಫ್ಯೂಸೇ ಸುಟ್ಟುಹೋಗುತ್ತದಂತೆ. ಆಮೇಲೆ ಕಂಪನಿಯದನ್ನೇ ಮತ್ತೆ ತುಂಬಿದರೂ ಕೆಲವು ಸೌಲಭ್ಯ ಹಿಂದಿರುಗುವುದಿಲ್ಲ. ಯಾವ ಪುಣ್ಯಾಹಕ್ಕೂ ಹೋಗದ ಮೈಲಿಗೆ.

"ಅಲ್ಲಯ್ಯ, ಆಂಡ್ರಾಯ್ಡ್ ಒಳಗಿರೋದು ಲಿನಕ್ಸ್, ಅದು ಎಲ್ಲರದೂ ಅಂತೀಯಲ್ಲ?"

"ಕೋಡು ಎಲ್ಲರದೂ ಮಾಮ. ಕೇಳಿದ್ರೆ ಕೊಡ್ಲೇಬೇಕು, ಲೈಸೆನ್ಸ್ ಹಾಗಿದೆ. ಆದ್ರೆ ತಿದ್ದಿದ ಕೋಡು ಈ ಫೋನಲ್ಲಿ ಓಡ್ಲೇಬೇಕು ಅಂತ ಅದ್ರಲ್ಲಿಲ್ಲ."

ಇದೂ ಅಜ್ಜಿಯೇ! ಸಾರಿನ ಪುಡಿಗೆ ಧನಿಯ ಎಷ್ಟು, ಮೆಂತ್ಯ ಎಷ್ಟು ಅಂತ ಬೀದಿಯವರಿಗೆಲ್ಲ ಬಾಯಿ ತುಂಬ ಹೇಳುವಳು. ಒಲೆಯ ಹತ್ತಿರ ಮಾತ್ರ ಯಾರನ್ನೂ ಬಿಡಳು. ಅಮೆರಿಕದಲ್ಲಿ ಟಿವೊ ಅಂತ ಟಿವಿ ರೆಕಾರ್ಡರ್ ಮಾಡುವವರು ಈ ಉಪಾಯ ಮಾಡಿದ್ದರಿಂದ 2007ರಲ್ಲಿ ಜಿಪಿಎಲ್ ಲೈಸೆನ್ಸಿನ ಮೂರನೆಯ ಆವೃತ್ತಿ ಬಂತು, ಬೀಗದ ಕೈಯನ್ನೂ ಕೊಡಿ ಅಂತ. ಆದರೆ ಲಿನಕ್ಸ್ ಹುಟ್ಟಿಸಿದ ಲೈನಸ್ ಟೊರ್ವಾಲ್ಡ್ಸ್ ಅದಕ್ಕೆ ಒಪ್ಪದೆ ಎರಡನೆಯದರಲ್ಲೇ ಉಳಿದರು. ಆ ಪುಣ್ಯಾತ್ಮ ಅವತ್ತು ಹೂಂ ಅಂದಿದ್ದರೆ ನನ್ನ ಕಾಫಿ ಗಟ್ಟಿಯಾಗಿರುತ್ತಿತ್ತು.

ಸಂಜೆ ಮೆಣಸಿನಕಾಯಿ ಬಜ್ಜಿಯ ಜೊತೆ ಮಿಕ್ಕ ಪುರಾಣವೂ ಆಯಿತು. 2011ರಲ್ಲಿ ಎಚ್‌ಟಿಸಿ ಕಂಪನಿ ಬೂಟ್‌ಲೋಡರಿಗೆ ಬೀಗ ಜಡಿದಾಗ ಗಿರಾಕಿಗಳು ಫೇಸ್‌ಬುಕ್‌ನಲ್ಲಿ ಮುತ್ತಿಗೆ ಹಾಕಿದರಂತೆ. ಕಂಪನಿ ಮಣಿದು, ಇನ್ನು ಬೀಗ ಹಾಕೆವು ಅಂದಿತಂತೆ. ನನಗೆ ಹುರುಪು ಬಂತು. "ಮುಂದೆ?" ಅಂದೆ. ಮುಂದಿನದೆಲ್ಲ ಇಳಿಜಾರು. ಹುವಾವೇ 2018ರಲ್ಲಿ ಅನ್‌ಲಾಕ್ ಕೋಡ್ ಕೊಡುವುದನ್ನೇ ನಿಲ್ಲಿಸಿತು. 2025ರಲ್ಲಿ ಸ್ಯಾಮ್‌ಸಂಗ್‌ನ ಒನ್ ಯುಐ 8 ತಂತ್ರಾಂಶದಲ್ಲಿ ಅನ್‌ಲಾಕ್ ಆಯ್ಕೆಯೇ ಕಾಣೆಯಾಯಿತು.

"ಅಂದ್ರೆ ಅವರು ಹಾಗೆ ತಡೀಬಹುದಾ? ಕಾನೂನು ಇಲ್ವಾ?" ಎಂದು ಮೇಜು ಗುದ್ದಿದೆ. ಚಟ್ನಿ ಚೆಲ್ಲಿತು. ಒರೆಸುವ ಬಟ್ಟೆಯನ್ನು ನನ್ನ ಕೈಗೇ ಕೊಟ್ಟರು.

ಒರೆಸುತ್ತ ಕೇಳಿಸಿಕೊಂಡದ್ದು ಇಷ್ಟು. ಅಮೆರಿಕದಲ್ಲಿ 2010ರಲ್ಲಿ ಫೋನಿನ ಬೀಗ ಒಡೆಯುವುದು ತಪ್ಪಲ್ಲ ಅಂತ ವಿನಾಯಿತಿ ಕೊಟ್ಟವರು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್. ಲೈಬ್ರರಿಯವರು! ನಮ್ಮಲ್ಲಿ ಲೈಬ್ರರಿಯವರು ಪುಸ್ತಕ ವಾಪಸು ಕೇಳುವುದು ಬಿಟ್ಟರೆ ಬೇರೆ ವಿಷಯಕ್ಕೆ ತಲೆ ಹಾಕುವುದಿಲ್ಲ. 2012ರಲ್ಲಿ ಅವರೇ ಫೋನಿಗೆ ಆಗಬಹುದು, ಟ್ಯಾಬ್ಲೆಟ್ಟಿಗೆ ಆಗದು ಅಂದರು. 2015ರಲ್ಲಿ ಟ್ಯಾಬ್ಲೆಟ್ಟಿಗೂ ಆಗಬಹುದು ಅಂದರು. ಈ ವಿನಾಯಿತಿಯನ್ನು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಪಡೆಯಬೇಕು, ನಮ್ಮ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ನಾನಿನ್ನೂ ಸತ್ತಿಲ್ಲ ಅಂತ ಬರೆದುಕೊಟ್ಟು ಬರುವ ಹಾಗೆ. ಇದರಲ್ಲಿ ಒಡೆದವನಿಗೆ ಮಾಫಿ ಇದೆಯೇ ಹೊರತು, ಕಂಪನಿ ಬೀಗ ಹಾಕಕೂಡದು ಅಂತ ಎಲ್ಲೂ ಇಲ್ಲ. ಅವರು ಇನ್ನೂ ದಪ್ಪ ಬೀಗ ತರಬಹುದು.

"ನಮ್ಮಲ್ಲಿ?"

"ನಮ್ಮಲ್ಲಿ ಕಾಪಿರೈಟ್ ಕಾಯ್ದೆಗೆ 2012ರಲ್ಲಿ 65ಎ ಅಂತ ಸೇರ್ಸಿದ್ರು. ಕೃತಿಸ್ವಾಮ್ಯ ಉಲ್ಲಂಘಿಸೋ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದ್ರೆ ಎರಡು ವರ್ಷದ ತನಕ ಜೈಲು. ನಿಮಗೆ ಆ ಉದ್ದೇಶ ಇಲ್ವಲ್ಲ."

ಒಳಗಿನಿಂದ ಪ್ರಶ್ನೆ ಬಂತು. "ಎರಡು ವರ್ಷನಾ? ಊಟ ತಿಂಡಿ ಅವರೇ ನೋಡ್ಕೊತಾರಾ ಚೇತು?"

ನನ್ನ ಆಸೆ ಇನ್ನೂ ಸತ್ತಿರಲಿಲ್ಲ. ಕರೆಯದೆ ಬಂದ ಆ್ಯಪ್‌ಗಳ ವಿಷಯ ಕೇಳಿದೆ. 2022ರ ಅಕ್ಟೋಬರ್‌ನಲ್ಲಿ ನಮ್ಮ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿ, ನಿಮ್ಮ ಆ್ಯಪ್‌ಗಳನ್ನು ಜನ ತೆಗೆಯುವುದಕ್ಕೆ ಅಡ್ಡಿ ಮಾಡಬೇಡಿ ಅಂತಲೂ ಹೇಳಿತ್ತಂತೆ. 2023ರಲ್ಲಿ ಮೇಲ್ಮನವಿ ನ್ಯಾಯಮಂಡಳಿಯಲ್ಲಿ ದಂಡ ಉಳಿಯಿತು, ಈ ಮಾತು ಬಿದ್ದುಹೋಯಿತು. ದುಡ್ಡಿನ ಮಾತು ಮಾತ್ರ ನಿಲ್ಲುವುದು ನಮ್ಮ ಮನೆಯಲ್ಲೂ ಉಂಟು.

ಅನ್‌ಲಾಕ್‌ಗೆ ಅರ್ಜಿ ಹಾಕಿಸಿ ಚೇತು ಭಾನುವಾರ ಬಸ್ಸು ಹತ್ತಿದ. ಕಂಪನಿ ಒಂದು ವಾರ ಕಾಯಿರಿ ಅಂತು. ಹೊರಡುವ ಮುಂಚೆ ನನ್ನಿಂದ ಒಂದು ಕೆಲಸ ಮಾಡಿಸಿದ್ದ: ಬಿಲ್ಡ್ ನಂಬರ್ ಅನ್ನುವ ಕಡೆ ಏಳು ಸಲ ಒತ್ತಿಸಿದ್ದ. ಏಳನೆಯದಕ್ಕೆ, ನೀವೀಗ ಡೆವಲಪರ್ ಎಂದು ಫೋನೇ ಘೋಷಿಸಿತು. ಮದುವೆಯಲ್ಲೂ ಏಳು ಹೆಜ್ಜೆ ಇಟ್ಟವನು ನಾನು. ಅಂಥ ಬಡ್ತಿ ಆಗ ಸಿಕ್ಕಿರಲಿಲ್ಲ. ಆ ವಾರವಿಡೀ ಆಫೀಸಿನಲ್ಲಿ ಕುತ್ತಿಗೆ ಸ್ವಲ್ಪ ಎತ್ತಿಯೇ ನಡೆದೆ.

ಮುಂದಿನ ಭಾನುವಾರ ಲ್ಯಾಪ್‌ಟಾಪಿಗೆ ವೈರು ಸಿಕ್ಕಿಸಿ, ಹೆಂಡತಿಯ ಫೋನಿನಲ್ಲಿ ಚೇತುವನ್ನು ಕರೆದು, ಅವನು ಹೇಳಿದ ಹಾಗೆ ಟೈಪು ಮಾಡಿದೆ. ಫೋನು ಕಪ್ಪಾಗಿ ಒಂದು ಎಚ್ಚರಿಕೆ ತೋರಿಸಿತು. ವಾಲ್ಯೂಮ್ ಗುಂಡಿಯಿಂದ 'ಯೆಸ್' ಆರಿಸಿ ಪವರ್ ಒತ್ತಿದೆ.

"ಬ್ಯಾಕಪ್ ತಗೊಂಡಿದೀರಲ್ಲ ಮಾಮ?" ಅಂದ ಚೇತು. "ಅನ್‌ಲಾಕ್ ಆದ್ರೆ ಎಲ್ಲಾ ಅಳಿಸಿಹೋಗುತ್ತೆ."

ಕೆಲವು ಪ್ರಶ್ನೆಗಳು ಅರ್ಧ ನಿಮಿಷ ತಡವಾಗಿ ಬರುತ್ತವೆ. ಹೋದ ಫೋಟೋಗಳಲ್ಲಿ ನನಗೆ ಬೇಕಾದದ್ದು ಏನೂ ಇರಲಿಲ್ಲ. ಆದರೆ ನಮ್ಮ ಮನೆಯ ಮುಯ್ಯಿ ಪುಸ್ತಕ ಇತ್ತು. ಯಾರ ಮದುವೆಗೆ ನಾವೆಷ್ಟು ಹಾಕಿದೆವು, ನಮ್ಮ ಮಗಳ ಮದುವೆಗೆ ಅವರೆಷ್ಟು ತಂದರು, ಯಾರು ಖಾಲಿ ಲಕೋಟೆ ಕೊಟ್ಟರು ಎಂಬ ಹದಿನೆಂಟು ಪುಟದ ಲೆಕ್ಕ. ಗೆದ್ದಲು ಹಿಡಿಯುವ ಮುಂಚೆ ಒಂದೊಂದೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನನ್ನವಳೇ ಫೋಟೋ ತೆಗೆದಿದ್ದಳು, "ನಿಮ್ಮ ಫೋನಲ್ಲಾದ್ರೆ ಭದ್ರ" ಅಂತ. ಗೆದ್ದಲಿಗೆ ಮೂರು ವರ್ಷ ಹಿಡಿಯುತ್ತಿದ್ದ ಕೆಲಸ ನನ್ನಿಂದ ಒಂದೇ ಗುಂಡಿಯಲ್ಲಿ ಆಯಿತು.

ಫೋನು ಮತ್ತೆ ಎದ್ದಿತು. ಏಳುವ ಮುಂಚೆ ಒಂದು ಒಕ್ಕಣೆ ಬಂತು, ಈಗಲೂ ಪ್ರತಿ ಸಲ ಬರುತ್ತದೆ: ಈ ಸಾಧನವನ್ನು ನಂಬಲಾಗದು. ಹೆಂಡತಿ ಕನ್ನಡಕ ಏರಿಸಿ ಅದನ್ನು ಎರಡು ಸಲ ಓದಿದಳು.

"ನಿಮ್ಮ ವಿಷಯ ಅವರಿಗೂ ಗೊತ್ತಾಯ್ತು."

ಲೀನಿಯೇಜ್ ಬಂದು ಕೂತದ್ದು ನಿಜ. ನಟಿ ಹೋದಳು, ಇಸ್ಪೀಟು ಹೋಯಿತು. ಗುಡಿಸಿ ಸಾರಿಸಿದ ಅಂಗಳದಂತೆ ಪರದೆ ಸ್ವಚ್ಛ. ಗೆದ್ದೆ ಅಂದುಕೊಂಡು ಸೊಪ್ಪು ತರಲು ಹೋದೆ. ದಂಟು ಎರಡು ಕಟ್ಟು, ನಿಂಬೆಹಣ್ಣು ನಾಲ್ಕು. ಕ್ಯೂಆರ್ ಕೋಡಿಗೆ ಫೋನು ಹಿಡಿದರೆ ಪೇಮೆಂಟ್ ಆ್ಯಪ್ ತೆರೆಯಲೇ ಇಲ್ಲ. ಈ ಸಾಧನ ಸುರಕ್ಷಿತವಲ್ಲವಂತೆ. ಬ್ಯಾಂಕಿನ ಆ್ಯಪ್ ಕೂಡ ಬಾಗಿಲಲ್ಲೇ ಕೂತು ಸ್ನಾನ ಆಯ್ತಾ ಅಂತ ಕೇಳುತ್ತದೆಂದು ಆಗ ತಿಳಿಯಿತು. ಗಾಡಿಯವನಿಗೆ ಬೂಟ್‌ಲೋಡರ್, ಸಹಿ, ಲಿನಕ್ಸ್ ಎಲ್ಲ ವಿವರಿಸಿದೆ. ಅವನು ಶಾಂತವಾಗಿ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದ.

"ನಾಳೆ ಕೊಡಿ ಸಾರ್. ದುಡ್ಡಿಲ್ಲ ಅಂದಿದ್ರೆ ಸಾಕಾಗಿತ್ತು."

ರಾತ್ರಿ ಸಿನಿಮಾ ಹಾಕಿದರೆ ಹೀರೋ ಮುಖ ರವೆ ರವೆಯಾಗಿ ಉಪ್ಪಿಟ್ಟಿನಂತೆ ಕಾಣಿಸಿತು. ಬೀಗ ತೆಗೆದ ಫೋನಿಗೆ ಒಳ್ಳೆಯ ಗುಣಮಟ್ಟದ ಚಿತ್ರ ಕೊಡುವುದಿಲ್ಲವಂತೆ. ವಾಪಸು ಲಾಕ್ ಮಾಡುತ್ತೇನೆ ಅಂದಾಗ ಚೇತು ಕಿರುಚಿದ: "ಕಂಪನಿ ಸಾಫ್ಟ್‌ವೇರ್ ಹಾಕ್ದೆ ಲಾಕ್ ಮಾಡ್ಬೇಡಿ ಮಾಮ, ಏಳೋದೇ ಇಲ್ಲ ಆಮೇಲೆ!" ಕಂಪನಿ ಸಾಫ್ಟ್‌ವೇರ್ ಹಾಕಿದರೆ ನಟಿ ಬರುತ್ತಾಳೆ. ಹಾಕದಿದ್ದರೆ ಸೊಪ್ಪು ಬರುವುದಿಲ್ಲ. ಕೊನೆಗೆ ಕಂತಿನ ಮೇಲೆ ಬೇರೆ ಫೋನು ತಂದೆ. ಅದರ ಬೂಟ್‌ಲೋಡರಿಗೆ ಕಂಪನಿಯ ಬೀಗ. ಪರದೆಗೆ ನನ್ನವಳ ಪ್ಯಾಟರ್ನ್. ಮುಯ್ಯಿ ಲೆಕ್ಕವನ್ನು ಅವಳು ನೆನಪಿನಿಂದಲೇ ಬರೆದು ಮುಗಿಸಿದಳು, ಮೂರು ಮನೆ ಬಿಟ್ಟು. ಆ ಮೂರು ಮನೆಗೂ ಯಾವುದಕ್ಕೂ ಇರಲಿ ಅಂತ 1,001 ರೂಪಾಯಿ ನಿಗದಿಯಾಯಿತು, ನನ್ನ ಖಾತೆಯಿಂದ.

ಹಳೆಯದನ್ನು ಅಮ್ಮನಿಗೆ ಕೊಟ್ಟೆವು. ಸಿಮ್ ಇಲ್ಲ, ಜಾಹೀರಾತಿಲ್ಲ. ಬೆಳಿಗ್ಗೆ ಸುಪ್ರಭಾತ, ಸಂಜೆ ದಾಸರ ಪದ. ಅಮ್ಮನಿಗೆ ಎಷ್ಟು ಹಿಡಿಸಿತೆಂದರೆ ಅದನ್ನು ದೇವರ ಮನೆಯಲ್ಲೇ, ಪಂಚಪಾತ್ರೆಯ ಪಕ್ಕ ಒಂದು ಬಿಳಿ ಬಟ್ಟೆಯ ಮೇಲೆ ಇಟ್ಟುಕೊಂಡಿದ್ದಾಳೆ. ಮೊನ್ನೆ ಅದಕ್ಕೆ ಅಪ್‌ಡೇಟ್ ಹಾಕೋಣ ಅಂತ ಹೋದೆ. ಎಷ್ಟಾದರೂ ನಮ್ಮ ಮನೆಯಲ್ಲಿ ಪೂರ್ತಿ ಬಿಡುಗಡೆಯಾದ ಫೋನು ಅದೊಂದೇ, ಅದನ್ನು ಬಿಡಿಸಿದವನು ನಾನೇ. ಕೈ ಚಾಚಿದೆ.

"ಏಯ್, ಮುಟ್ಬೇಡ್ವೋ," ಅಂದಳು ಅಮ್ಮ, ಹೂಬತ್ತಿ ಹೊಸೆಯುತ್ತಲೇ. "ಸ್ನಾನ ಆಯ್ತಾ?"